ತ್ರಾಸಾಗಲ್ಲ ತಾನೆ?

ನಮ್ಮ ಬಾಡಿಗೆ ಮನೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿದೆ. ಕೆಳಗೆ ಗೋದಾಮು, ಮೇಲೆ ನಾವು. ಬೆಳಗ್ಗೆ ಐದಕ್ಕೇ ಲಾರಿ ಹಿಂದಕ್ಕೆ ತಗೊಳ್ಳೋ ಪೀಂ ಪೀಂ ಶುರುವಾಗುತ್ತೆ. ಆಮೇಲೆ ಹಮಾಲರ ಕೂಗು, ಮೂಟೆ ದಪ್ಪಂತ ಬೀಳೋ ಸದ್ದು, ಒಂದಾದ ಮೇಲೊಂದು ಶಟರ್ ಎತ್ತೋ ಸದ್ದು. ಇಂಥ ಜಾಗದಲ್ಲಿ ಕೂತ್ಕೊಂಡು ಕೀಬೋರ್ಡಿನ ಸದ್ದಿನ ಬಗ್ಗೆ ತಲೆ ಕೆಡಿಸಿಕೊಂಡೆ ಅಂದ್ರೆ ಯಾರಾದ್ರೂ ನಗ್ತಾರೆ. ನಾನೂ ಮೂರು ತಿಂಗಳು ಹಾಗೇ ಅಂದುಕೊಂಡಿದ್ದೆ. ಲಾರಿ ಸದ್ದಿಗೇ ಏಳದವರು ಕೀಬೋರ್ಡ್ ಸದ್ದಿಗೆ ಏಳ್ತಾರಾ?

ಮನೆಯ ಲೆಕ್ಕ ಸರಳ. ಒಂದು ಹಾಲ್, ಒಂದು ರೂಮು, ಒಂದು ಅಡುಗೆಮನೆ. ರೂಮಿನಲ್ಲಿ ಹೆಂಡತಿ, ಮಗಳು. ಹಾಲ್‌ನಲ್ಲಿ ಅವ್ವನ ಹಾಸಿಗೆ, ಅದರಿಂದ ಎಂಟು ಅಡಿ ದೂರದ ಮೂಲೆಯಲ್ಲಿ ನನ್ನ ಟೇಬಲ್ಲು. ಅಪ್ಪ ಹೋದ ಮೇಲೆ ಜಗಳೂರು ಕಡೆಯ ಹಳ್ಳಿ ಬಿಟ್ಟು ಅವ್ವ ನಮ್ಮ ಜೊತೆ ಬಂದರು. 2020ರ ಲಾಕ್‌ಡೌನ್‌ನಲ್ಲಿ ನಾನು ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದವನು, ಕಂಪನಿಯವರು ಮನೆಯಿಂದಲೇ ಮಾಡು ಅಂದಿದ್ದಕ್ಕೆ ವಾಪಸ್ ಹೋಗಲಿಲ್ಲ. ಕ್ಲೈಂಟು ಅಮೆರಿಕದವರು. ಮೀಟಿಂಗ್ ಮುಗಿಯೋದು ರಾತ್ರಿ ಹನ್ನೊಂದೂವರೆಗೆ. ಯಾರೂ ಕರೆಯದ, ಯಾರೂ ಮೆಸೇಜ್ ಮಾಡದ ಆ ಹೊತ್ತಿನ ನಂತರವೇ ನಿಜವಾದ ಕೆಲಸ ಶುರುವಾಗೋದು.

ಮೆಕ್ಯಾನಿಕಲ್ ಕೀಬೋರ್ಡ್ ಕೊಂಡದ್ದು ಮಣಿಕಟ್ಟು ನೋವಿಗೆ. ಅದು ಅರ್ಧ ಸತ್ಯ. ಉಳಿದರ್ಧ ಆಸೆ. ಬಿ.ಇ. ಓದುವಾಗ ಲ್ಯಾಬಿನಲ್ಲಿದ್ದದ್ದು ಒತ್ತಿದರೆ ರಾಗಿ ಮುದ್ದೆಗೆ ಬೆರಳು ಹಾಕಿದ ಹಾಗಾಗುತ್ತಿದ್ದ ರಬ್ಬರಿನ ಕೀಬೋರ್ಡುಗಳು. ಅದಕ್ಕೂ ಹಿಂದೆ, ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಎರಡು ತಿಂಗಳು ಟೈಪ್‌ರೈಟಿಂಗ್ ಕ್ಲಾಸಿಗೆ ಹೋಗಿದ್ದೆ. ಒಂದೇ ಹಾಲ್‌ನಲ್ಲಿ ಹದಿನೈದಿಪ್ಪತ್ತು ಗೋದ್ರೆಜ್, ರೆಮಿಂಗ್ಟನ್ ಮಷೀನುಗಳು, ಎಲ್ಲರೂ ಒಟ್ಟಿಗೆ ಎ ಎಸ್ ಡಿ ಎಫ್ ಹೊಡೀತಿದ್ರೆ ತಗಡಿನ ಮೇಲೆ ಆಲಿಕಲ್ಲು ಮಳೆ ಬಿದ್ದಂಗೆ. ಹಳ್ಳಿಯಿಂದ ಬಂದ ನನಗೆ ಅದೇ ಮೊದಲ ಸಲ "ಆಫೀಸು" ಅನ್ನೋದು ಕಿವಿಗೆ ಕೇಳಿಸಿದ್ದು. ಜೂನಿಯರ್ ಪರೀಕ್ಷೆ ಕಟ್ಟಲೇ ಇಲ್ಲ. ಸದ್ದು ಮಾತ್ರ ತಲೆಯಲ್ಲಿ ಉಳೀತು. ಹಾಗಾಗಿ ಸಂಬಳ ಸ್ವಲ್ಪ ಏರಿದಾಗ ನಾನು ಆರಿಸಿದ್ದು ನೀಲಿ ಸ್ವಿಚ್ಚಿನ ಬೋರ್ಡು. ಗೊತ್ತಿಲ್ಲದವರಿಗೆ ಹೇಳ್ತೀನಿ, ಅತಿ ಹೆಚ್ಚು ಸದ್ದು ಮಾಡೋ ಜಾತಿ ಅದು.

ಕೊಂಡ ದಿನ ರಾತ್ರಿ ಅವ್ವನ್ನ ಕೇಳಿದೆ. "ಅವ್ವಾ, ಸ್ವಲ್ಪ ಟಕಟಕ ಅಂತೈತೆ. ತ್ರಾಸಾಗಲ್ಲ ತಾನೆ?"

"ಏ, ಏನಿಲ್ ತಗಾಳಪ್ಪ. ನಿನ್ ಕೆಲ್ಸ ನೀ ಮಾಡು."

ಕೇಳಿದೆನಲ್ಲ, ಮುಗೀತು. ಅನುಮತಿ ಸಿಕ್ಕಿತು ಅಂತ ನೆಮ್ಮದಿಯಾಗಿ ಕೂತೆ.

ಈ ಸದ್ದು ಎಲ್ಲಿಂದ ಬರುತ್ತೆ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ, ಮುಂದಿನ ಮಾತಿಗೆ ಬೇಕಾಗುತ್ತೆ. ಟೈಪ್‌ರೈಟರಿನಲ್ಲಿ ಸದ್ದು ಕೆಲಸದ್ದೇ. ಅಚ್ಚಿನ ಕಡ್ಡಿ ಹಾರಿ ಹೋಗಿ ರಿಬ್ಬನ್ನಿಗೆ, ಕಾಗದಕ್ಕೆ ಹೊಡೆಯಬೇಕು. ಹೊಡೆಯದೆ ಅಕ್ಷರ ಮೂಡಲ್ಲ. ಹೊಡೆತದ ಬದಲು ಒತ್ತುವ ಹಾಗೆ ಮಾಡಿ ಸದ್ದು ಇಳಿಸೋ ಪ್ರಯತ್ನ ನೂರು ವರ್ಷದ ಹಿಂದೆಯೇ ನಡೆದಿತ್ತು, ರೆಮಿಂಗ್ಟನ್ನಿನವರು "ನಾಯ್ಸ್‌ಲೆಸ್" ಅಂತಲೇ ಹೆಸರಿಟ್ಟು ಮಾರಿದರು. ಕಂಪ್ಯೂಟರ್ ಕೀಬೋರ್ಡಿಗೆ ಆ ಹೊಡೆತವೇ ಬೇಕಿಲ್ಲ. ಎರಡು ಲೋಹದ ಪಟ್ಟಿ ಒಂದಕ್ಕೊಂದು ತಾಗಿದರೆ ಸಾಕು. ಚೆರ್ರಿ ಅನ್ನೋ ಜರ್ಮನ್ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಲ್ಲಿ ಕೆಂಪಿನದು ಸೀದಾ ಇಳಿಯುತ್ತೆ. ಕಂದಿನದು ನಡುವೆ ಒಂದು ಸಣ್ಣ ಉಬ್ಬು ದಾಟಿ ಇಳಿಯುತ್ತೆ, ಬೆರಳಿಗೆ ಗೊತ್ತಾಗುತ್ತೆ, ಕಿವಿಗೆ ಅಷ್ಟಿಲ್ಲ. ನೀಲಿಯದರ ಒಳಗೆ ಇನ್ನೊಂದು ಬಿಡಿ ತುಂಡು ಇರುತ್ತೆ. ಕೀಲಿ ಇಳಿಯುವಾಗ ಆ ತುಂಡು ಟಕ್ಕಂತ ಜಾರಿ ಬೀಳುತ್ತೆ. ವಿದ್ಯುತ್ ಸಂಪರ್ಕಕ್ಕೆ ಆ ತುಂಡು ಬೇಕೇ ಇಲ್ಲ, ಕೆಂಪು ಸ್ವಿಚ್ಚೇ ಸಾಕ್ಷಿ. ಅದು ಇರೋದು "ಒತ್ತಿದ್ದಾಯ್ತು" ಅಂತ ಒತ್ತಿದವನಿಗೆ ಹೇಳೋಕೆ.

ಅದಕ್ಕಿಂತ ತಮಾಷೆ ಅಂದ್ರೆ 1970ರ ದಶಕದ ಐಬಿಎಂ ಟರ್ಮಿನಲ್ಲುಗಳ ಕೆಲವು ಕೀಬೋರ್ಡುಗಳಲ್ಲಿ ಸದ್ದು ಮಾಡಲಿಕ್ಕೆಂದೇ ಒಂದು ಸೊಲೆನಾಯ್ಡ್ ಇಡ್ತಿದ್ರು. ಟೈಪ್‌ರೈಟರಿಗೆ ಒಗ್ಗಿದ ಬೆರಳಿಗೆ ಸಮಾಧಾನ ಆಗಲಿ ಅಂತ. ನಮ್ಮ ಕಡೆ ಬ್ಯಾಂಕಿನ ಕೌಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಕೇಳೋ ಆ ಜೋರು ಟಕಟಕ ಬಹುಪಾಲು ಟಿವಿಎಸ್ ಗೋಲ್ಡ್ ಕೀಬೋರ್ಡಿನದು. ಅದರೊಳಗೂ ವರ್ಷಾನುಗಟ್ಟಲೆ ಇದ್ದದ್ದು ಇದೇ ನೀಲಿ ಸ್ವಿಚ್ಚು. ಗುಮಾಸ್ತರು ಸದ್ದು ಮಾಡ್ತಿದ್ದಾರೆ ಅಂದ್ರೆ ನಮ್ಮ ಕೆಲಸ ಆಗ್ತಿದೆ ಅಂತ ಸಾಲಿನಲ್ಲಿ ನಿಂತವರಿಗೂ ಒಂದು ಧೈರ್ಯ.

ಕನ್ನಡ ಟೈಪ್ ಮಾಡುವವರಿಗಂತೂ ಈ ಸುಖ ಒಂದು ಹಿಡಿ ಜಾಸ್ತಿ. ನಾನು ಈ ಅಂಕಣಗಳನ್ನ ಬರೆಯೋದು ಕೆ.ಪಿ. ರಾವ್ ವಿನ್ಯಾಸದಲ್ಲಿ. "ರಾಷ್ಟ್ರ" ಅನ್ನೋ ಎರಡಕ್ಷರಕ್ಕೆ ಏಳು ಕೀಲಿ ಒತ್ತಬೇಕು, ಶಿಫ್ಟ್ ಬಿಟ್ಟು. ಒತ್ತಕ್ಷರಕ್ಕೆಲ್ಲ ಎಫ್ ಕೀಲಿ, ನನ್ನ ಬೋರ್ಡಿನಲ್ಲಿ ಮೊದಲು ಸವೆದು ನುಣ್ಣಗಾದದ್ದೂ ಅದೇ. ರಾತ್ರಿ ಹನ್ನೆರಡಕ್ಕೆ ಒಂದು ಪ್ಯಾರಾ ಬರೆದರೆ ಅದು ಇಂಗ್ಲಿಷಿನ ಪ್ಯಾರಾಕ್ಕಿಂತ ಹೆಚ್ಚು ಸದ್ದಿನ ಪ್ಯಾರಾ.

ಇಷ್ಟು ಸುಖದಲ್ಲಿ ಇದ್ದವನಿಗೆ ಆಷಾಢದ ಒಂದು ರಾತ್ರಿ ಬಾಯಾರಿತು. ಒಂದು ಗಂಟೆ ಆಗಿತ್ತು. ಲೈಟ್ ಹಾಕಿದರೆ ಅವ್ವನಿಗೆ ಎಚ್ಚರ ಆಗುತ್ತೆ ಅಂತ (ಎಷ್ಟು ಕಾಳಜಿ ನೋಡ್ರಿ) ಕತ್ತಲಲ್ಲೇ ಅಡುಗೆಮನೆಗೆ ಹೋದೆ. ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು. ಅವ್ವನ ಪಾದ. ಗ್ಯಾಸ್ ಸಿಲಿಂಡರಿಗೂ ಗ್ರೈಂಡರಿಗೂ ನಡುವೆ ಚಾಪೆ ಹಾಸಿಕೊಂಡು, ಮೊಣಕಾಲು ಮಡಚಿಕೊಂಡು ಮಲಗಿದ್ದರು. ಕಾಲು ಚಾಚುವಷ್ಟು ಜಾಗವೂ ಅಲ್ಲಿಲ್ಲ. ಹಾಲ್‌ಗೆ ವಾಪಸ್ ಬಂದು ನೋಡಿದೆ. ಹಾಸಿಗೆ ಮೇಲೆ ಕೌದಿ ಉಬ್ಬುಬ್ಬಾಗಿ ಬಿದ್ದಿತ್ತು, ಯಾರೋ ಹೊದ್ದು ಮಲಗಿದ್ದಾರೆ ಅನ್ನೋ ಹಂಗೆ. ನಾನು ಅಷ್ಟು ದಿನ ಬೆನ್ನು ಮಾಡಿ ಕೂತಿದ್ದೆ. ತಿರುಗಿ ನೋಡಿರಲಿಲ್ಲ.

ಬೆಳಗ್ಗೆ ಕೇಳಿದರೆ "ಅಲ್ಲಿ ತಂಪೈತಪ್ಪ" ಅಂದರು. ಹೊರಗೆ ಆಷಾಢದ ಗಾಳಿ ಕಿಟಕಿ ಬಡೀತಿತ್ತು.

ಹೆಂಡತಿಯನ್ನ ಕೇಳಿದೆ.

"ಈಗ ಗೊತ್ತಾಯ್ತಾ ನಿಮಗೆ? ಯುಗಾದಿ ಆದಾಗಿಂದ ಅಲ್ಲೇ ಮಲಗ್ತಾರೆ. ನೀವು ಮೀಟಿಂಗ್ ಮುಗ್ಸಿ ಹೆಡ್‌ಫೋನ್ ಹಾಕ್ಕಂಡ್ ಮೇಲೆ ಎದ್ದು ಹೋಗ್ತಾರೆ, ಬೆಳಗ್ಗೆ ನೀವು ಏಳೋದ್ರೊಳಗೆ ಬಂದು ಹಾಸಿಗೆ ಮಡಚ್ತಾರೆ."

"ನೀನ್ಯಾಕೆ ಹೇಳಲಿಲ್ಲ?"

"ಅತ್ತೆ ಹೇಳ್ಬೇಡ ಅಂದಿದ್ರು. ಅಲ್ದೆ, ನೀವು ಅವರನ್ನ ಕೇಳಿದ್ರಲ್ಲ?"

ಆ ಕೊನೆಯ ಮಾತು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಹೌದು, ಕೇಳಿದ್ದೆ. "ತ್ರಾಸಾಗಲ್ಲ ತಾನೆ?" ಅಂತ ಕೇಳಿದ್ದೆ. ಈ "ತಾನೆ" ಬಲು ಚಾಲಾಕಿ ಪದ. ಪ್ರಶ್ನೆಯ ವೇಷ ಹಾಕಿರುತ್ತೆ, ಉತ್ತರ ಒಳಗೇ ಇಟ್ಟುಕೊಂಡಿರುತ್ತೆ. "ಆಗ್ತದಪ್ಪ" ಅನ್ನಬೇಕಾದರೆ ಅವ್ವ ಬರೀ ಉತ್ತರ ಕೊಟ್ಟರೆ ಸಾಲದು, ಮೊದಲು ನನ್ನ ಪ್ರಶ್ನೆಯನ್ನೇ ಮುರಿಯಬೇಕು. ಅದೂ ಯಾರ ಎದುರು? ಈ ಮನೆಯ ಬಾಡಿಗೆ ಕಟ್ಟೋನ ಎದುರು, ತನ್ನ ಬಿಪಿ ಗುಳಿಗೆ ತರೋನ ಎದುರು, ಆ ಗುಳಿಗೆಯ ದುಡ್ಡು ಅದೇ ಟಕಟಕದಿಂದ ಬರುತ್ತೆ ಅಂತ ಗೊತ್ತಿದ್ದೂ. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲ್ಲ. ಇಲ್ಲ ಅನ್ನೋಕೆ ಆಗದೇ ಇರೋರ ಹತ್ತಿರ ಹೂಂ ಅನ್ನಿಸಿಕೊಂಡೆ, ಅಷ್ಟೆ. ಅದಕ್ಕೆ ಅನುಮತಿ ಅಂತ ಹೆಸರಿಟ್ಟುಕೊಂಡು ಮೂರು ತಿಂಗಳು ನಿಶ್ಚಿಂತೆಯಿಂದ ಬೆರಳಾಡಿಸಿದೆ.

ಹಾಗಾದರೆ ಮನೆಯಲ್ಲಿ ಯಾರ ಸದ್ದು ಯಾರು ಸಹಿಸಬೇಕು ಅನ್ನೋದನ್ನ ತೀರ್ಮಾನ ಮಾಡೋರು ಯಾರು? ಲೆಕ್ಕ ಹಾಕ್ತಾ ಹೋದೆ. ನನ್ನ ಮೀಟಿಂಗ್ ಶುರುವಾದರೆ ನಮ್ಮ ಮನೆಯಲ್ಲಿ ಮಿಕ್ಸಿ ಬಂದ್. ಕುಕ್ಕರಿನ ಮೂರನೇ ಸೀಟಿ ಬರೋಕೆ ಮೊದಲು ಹೆಂಡತಿ ಓಡಿ ಹೋಗಿ ಗ್ಯಾಸ್ ಸಣ್ಣ ಮಾಡ್ತಾಳೆ. ಮಗಳು ಕಾರ್ಟೂನನ್ನ ಸದ್ದಿಲ್ಲದೆ ನೋಡೋದು ಕಲಿತಿದಾಳೆ, ಬಾಯಿ ನೋಡಿಯೇ ಕತೆ ಅರ್ಥ ಮಾಡ್ಕೋತಾಳೆ. ಅವ್ವ ಊರಿನವರ ಫೋನು ಬಂದರೆ ಸೆರಗು ಬಾಯಿಗಿಟ್ಟುಕೊಂಡು ಮಹಡಿ ಮೆಟ್ಟಿಲಿಗೆ ಹೋಗಿ ಮಾತಾಡ್ತಾರೆ. ಅಮೆರಿಕದಲ್ಲಿ ಕೂತ ಒಬ್ಬ ಪುಣ್ಯಾತ್ಮನಿಗೆ ಮಂಡಿಪೇಟೆಯ ಒಂದು ಒಗ್ಗರಣೆ ಚಟಪಟ ಕೇಳಬಾರದು ಅಂತ ಮೂರು ಜೀವ ಉಸಿರು ಹಿಡೀತವೆ. ಯಾರಿಗೂ ನಾನು ಹೇಳಿಕೊಟ್ಟದ್ದಲ್ಲ, ತಾವೇ ಕಲಿತದ್ದು. ದುಡಿಯೋನಿಗೆ ಎರಡೂ ಹಕ್ಕು. ಹಗಲು ಬೇರೆಯವರ ಸದ್ದು ನಿಲ್ಲಿಸೋದು, ರಾತ್ರಿ ತನ್ನ ಸದ್ದು ನಡೆಸೋದು.

ಇದಕ್ಕೆ ನನ್ನಲ್ಲಿ ಒಂದು ಸಮರ್ಥನೆಯೂ ಇತ್ತು, ಮುಚ್ಚಿಡಲ್ಲ. ದುಡಿಮೆಯ ಸದ್ದನ್ನ ಗೌರವಿಸೋ ಮನೆಯಲ್ಲಿ ಬೆಳೆದವನು ನಾನು. ಹಳ್ಳಿಯಲ್ಲಿ ತ್ರೀಫೇಸ್ ಕರೆಂಟು ಕೊಡ್ತಿದ್ದದ್ದು ಹೆಚ್ಚಾಗಿ ರಾತ್ರಿ. ಮೆಕ್ಕೆಜೋಳಕ್ಕೆ ನೀರು ಕಟ್ಟೋಕೆ ಅಪ್ಪ ಹೊಲದಲ್ಲೇ ಮಲಗ್ತಿದ್ರು, ರಜೆಯಲ್ಲಿ ನಾನೂ. ಪಂಪ್‌ಸೆಟ್ಟಿನ ಗುಂಯ್ ಅನ್ನೋ ಸದ್ದಲ್ಲಿ ಗಡದ್ದು ನಿದ್ದೆ. ಕರೆಂಟು ಹೋಗಿ ಅದು ನಿಂತರೆ ಅಪ್ಪ ತಟ್ಟಂತ ಎದ್ದು ಕೂರ್ತಿದ್ರು. ಹರಿಹರದ ಒಂದು ಕಾರ್ಖಾನೆಯ ಮಷೀನ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಸೋದರಮಾವ ಈಗಲೂ ಪಕ್ಕದಲ್ಲಿ ಕೂತವರ ಹತ್ತಿರ ಓಣಿಯ ಆ ತುದಿಯಲ್ಲಿರೋರ ಜೊತೆ ಮಾತಾಡಿದಂಗೆ ಮಾತಾಡ್ತಾರೆ. "ಲೇತ್ ಮುಂದೆ ನಿಂತೋನು ಪಿಸಪಿಸ ಅಂದ್ರೆ ಆಗ್ತದೇನೋ?" ಅಂತ ಹೆಮ್ಮೆ ಬೇರೆ. ಹೇಳಿದ್ದು ಅರ್ಧ ಕೇಳಿಸಲ್ಲ ಅವರಿಗೆ. ಸದ್ದು ಮಾಡಿದರೇನೇ ದುಡಿಮೆ ಅನ್ನೋ ನಂಬಿಕೆ ನಮ್ಮ ರಕ್ತದಲ್ಲಿದೆ. ಕುರ್ಚಿ ಮೇಲೆ ಕೂತು ಬೆರಳಾಡಿಸೋ ಕೆಲಸಕ್ಕೆ ಬೆವರಿಲ್ಲ, ಧೂಳಿಲ್ಲ. ಸದ್ದಾದರೂ ಇರಲಿ ಅಂತ ನಾನು ನೀಲಿ ಸ್ವಿಚ್ಚು ಆರಿಸಿದೆನೋ ಏನೋ.

ಆದರೆ ಹೋಲಿಕೆ ನಿಲ್ಲಲ್ಲ. ಪಂಪ್‌ಸೆಟ್ಟಿಗೆ ಸದ್ದಿಲ್ಲದೆ ನೀರೆತ್ತೋ ದಾರಿ ಅಪ್ಪನಿಗಿರಲಿಲ್ಲ. ಲೇತ್‌ಗೆ ಮೌನವಾಗಿ ಕಬ್ಬಿಣ ಕಡೆಯೋದು ಗೊತ್ತಿಲ್ಲ. ಹಮಾಲರ ಕೂಗಿಗೂ ಅರ್ಥ ಇದೆ, ಕ್ವಿಂಟಲ್‌ಗಟ್ಟಲೆ ಭಾರ ಇಬ್ಬರು ಒಟ್ಟಿಗೆ ಎತ್ತಬೇಕಾದರೆ ಉಸಿರು ಒಟ್ಟಿಗೆ ಬರಬೇಕು. ನನ್ನ ಸದ್ದು ಮಾತ್ರ ಕೆಲಸಕ್ಕೆ ಬೇಕಿಲ್ಲದ ಒಂದು ತುಂಡು ಪ್ಲಾಸ್ಟಿಕ್ಕಿನ ಸದ್ದು. ಅದು ನನ್ನ ದುಡಿಮೆಯನ್ನ ನನಗೇ ಕೇಳಿಸುವಂತೆ ಮಾಡೋಕೆ ದುಡ್ಡು ಕೊಟ್ಟು ತಂದದ್ದು. ಆ ಸುಖದ ಬಾಡಿಗೆಯನ್ನ ಅವ್ವ ಅಡುಗೆಮನೆಯಲ್ಲಿ ಮೊಣಕಾಲು ಮಡಚಿ ಕಟ್ಟುತ್ತಿದ್ದರು.

ಇನ್ನೊಂದು ಪ್ರಶ್ನೆ ಉಳೀತು. ಲಾರಿಗೆ ಏಳದ ಅವ್ವ ಇದಕ್ಕೆ ಯಾಕೆ ಏಳ್ತಿದ್ರು? ಓದಿ ನೋಡಿದಾಗ ಗೊತ್ತಾಯ್ತು, ನಿದ್ದೆಗೆ ಒಂದೇ ಸಮನೆ ಬರೋ ಸದ್ದು ಅಷ್ಟು ಕಾಟ ಕೊಡಲ್ಲ. ಫ್ಯಾನು, ಮಳೆ, ಪಂಪು ಹಾಗೆ. ಬಿಟ್ಟು ಬಿಟ್ಟು, ಯಾವಾಗ ಬರುತ್ತೆ ಅಂತ ಹೇಳೋಕಾಗದ ಸದ್ದು ಎಬ್ಬಿಸುತ್ತೆ. ಕೋಡ್ ಬರೆಯೋನ ಸದ್ದು ಅಂಥದ್ದೇ. ಹತ್ತು ಸೆಕೆಂಡ್ ಧೋ ಅಂತ, ಆಮೇಲೆ ಎರಡು ನಿಮಿಷ ಯೋಚನೆ, ಮತ್ತೆ ಫಟ್ಟಂತ ಎಂಟರ್. ನಿದ್ದೆ ಹತ್ತೋ ಹೊತ್ತಿಗೆ ಸರಿಯಾಗಿ ಎಂಟರ್.

ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಅಂತ ಇವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವ್ಯಾಪಾರ ಪ್ರದೇಶದಲ್ಲಿ 55. ಕುತೂಹಲಕ್ಕೆ ಅವ್ವನ ದಿಂಬಿನ ಮೇಲೆ ಮೊಬೈಲ್ ಇಟ್ಟು ಅಳೆದೆ. ನಾನು ಟೈಪ್ ಮಾಡ್ತಿದ್ದರೆ 48, 50 ಅಂತ ಕುಣೀತಿತ್ತು. ಮೊಬೈಲ್ ಆ್ಯಪಿನ ಲೆಕ್ಕ ಕೋರ್ಟಿನಲ್ಲಿ ನಿಲ್ಲಲ್ಲ ಬಿಡಿ, ನಿಯಮ ಬರೆದದ್ದೂ ಬೀದಿಯ ಸದ್ದಿಗೆ, ಮನೆಯೊಳಗಿನದಕ್ಕಲ್ಲ. ಮಂಡಿಪೇಟೆಯನ್ನ ವ್ಯಾಪಾರ ಪ್ರದೇಶ ಅಂತ ಹಿಡಿದರೆ ನಾನು ನಿರಪರಾಧಿ, ಮನೆ ಅಂತ ಹಿಡಿದರೆ ಅಲ್ಲ. ಆ ನಿಯಮಗಳಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಮಿತಿಗಿಂತ 10 ಡೆಸಿಬಲ್ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು ಅಂತಿದೆ. ಕಾನೂನು ನಿಂತಿರೋದು ಆ ದೂರು ಕೊಡೋರ ಮೇಲೆ. ಮನೆಯಲ್ಲಿ ಅವರು ಇರಲ್ಲ. ದೂರು ಬರಲಿಲ್ಲ ಅನ್ನೋದು ಬೀದಿಯಲ್ಲಿ ಒಂದು ಸಾಕ್ಷಿ ಆಗಬಹುದು, ಅವ್ವ ಮತ್ತು ಮಗನ ನಡುವೆ ಅದು ಯಾವ ಸಾಕ್ಷಿಯೂ ಅಲ್ಲ. ಹೇಳದೇ ಇರೋರ ಮನೆಯಲ್ಲಿ ಸದ್ದು ಮಾಡೋನೇ ಅಳೆದು ನೋಡಬೇಕು.

ಆಮೇಲೆ ಇಂಜಿನಿಯರ್ ಬುದ್ಧಿ ಎಲ್ಲಿ ಬಿಡುತ್ತೆ? ತಪ್ಪು ಅರಿವಾದ ತಕ್ಷಣ ಕಾರ್ಟಿಗೆ ಏನೋ ಸೇರಿಸ್ತೀವಿ. ನಾಲ್ಕು ರಾತ್ರಿ ವಿಡಿಯೋ ನೋಡಿದೆ, ಅದೂ ಆಗ್ಲೇ ಹೆಡ್‌ಫೋನ್ ಹಾಕ್ಕೊಂಡು. ನಿಮ್ಮಲ್ಲೂ ಯಾರಿಗಾದರೂ ಉಪಯೋಗ ಆಗಬಹುದು, ಕಲಿತದ್ದನ್ನ ಹೇಳಿಬಿಡ್ತೀನಿ.

ದುಡ್ಡು ಖರ್ಚಿಲ್ಲದೆ ಆಗೋದು ಮೊದಲು ಮಾಡಿ. ಟೇಬಲ್ಲನ್ನ ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ಗೋಡೆಗೆ ಆನಿಸಿದ ಟೇಬಲ್ಲು ತಮಟೆ ಇದ್ದಂಗೆ, ಹೊಡೆತ ಪಕ್ಕದ ಕೋಣೆಗೂ ಹೋಗುತ್ತೆ. ಕೀಬೋರ್ಡಿನ ಕೆಳಗೆ ದಪ್ಪ ಬಟ್ಟೆ ಹಾಸಿ. ನಾನು ಹಾಕಿದ್ದು ಹಳೇ ಕಂಬಳಿಯ ಮಡಿಕೆ, ಮಾರೋಕಿಟ್ಟಿರೋ ಡೆಸ್ಕ್ ಮ್ಯಾಟಿಗಿಂತ ವಾಸಿ. ಹಿಂದಿನ ಎರಡು ಕಾಲು ಮಡಚಿ ಬೋರ್ಡನ್ನ ಚಪ್ಪಟೆ ಇಡಿ, ಮಣಿಕಟ್ಟು ಮೇಲಕ್ಕೆ ಬಾಗಲ್ಲ, ನೋವೂ ಕಮ್ಮಿ. ಸದ್ದಿನ ಅರ್ಧ ಪಾಲು ಬರೋದು ಕೀಲಿ ತಳಕ್ಕೆ ಬಡಿಯೋದರಿಂದ. ಚೆರ್ರಿಯ ಕೆಂಪು ಸ್ವಿಚ್ಚಿನಲ್ಲಿ ಕೀಲಿಯ ಓಟ 4 ಮಿಲಿಮೀಟರ್, ಅಕ್ಷರ ಮೂಡೋದು 2ಕ್ಕೇ. ಉಳಿದ 2 ಮಿಲಿಮೀಟರ್ ನಮ್ಮ ಸಿಟ್ಟು. ಅದನ್ನ ಕಮ್ಮಿ ಮಾಡೋಕೆ ಅಭ್ಯಾಸ ಬೇಕು, ನನಗಿನ್ನೂ ಪೂರ್ತಿ ಬಂದಿಲ್ಲ.

ಹೊಸದು ಕೊಳ್ಳೋದೇ ಆದರೆ "ಸೈಲೆಂಟ್" ಅಂತ ಇರೋ ಸ್ವಿಚ್ಚು ನೋಡಿ, ಬರೀ ಕೆಂಪು ಸಾಲದು. ಸೈಲೆಂಟಿನಲ್ಲಿ ಕೆಳಗೆ ಬಡಿಯೋ ಕಡೆ, ಮೇಲೆ ಬಂದು ನಿಲ್ಲೋ ಕಡೆ ಎರಡಕ್ಕೂ ಮೆತ್ತನೆಯ ರಬ್ಬರು ಇರುತ್ತೆ. ಒತ್ತಿದರೆ ಸ್ವಲ್ಪ ಮಂಕು ಅನ್ನಿಸುತ್ತೆ, ವಾರದಲ್ಲಿ ಒಗ್ಗುತ್ತೆ. ಸ್ಪ್ರಿಂಗು ತೀರಾ ಹಗುರ ಬೇಡ, ಬೆರಳು ಇಟ್ಟರೇ ಅಕ್ಷರ ಬೀಳುತ್ತೆ. 45 ಗ್ರಾಂ ಆಸುಪಾಸು ನನಗೆ ಹಿತ ಅನ್ನಿಸಿತು. ನಂಬರ್ ಪ್ಯಾಡ್ ಇಲ್ಲದ 87 ಕೀಲಿಯ ಬೋರ್ಡಾದರೆ ಮೌಸು ಹತ್ತಿರ ಬರುತ್ತೆ, ಭುಜಕ್ಕೆ ಆರಾಮ. ಎಲ್ಲಕ್ಕಿಂತ ಮುಖ್ಯ ಸ್ಪೇಸ್ ಬಾರ್. ಅದರ ಕೆಳಗಿನ ತಂತಿ ಅಲ್ಲಾಡ್ತಿದ್ದರೆ ಎಷ್ಟು ಸೈಲೆಂಟ್ ಸ್ವಿಚ್ಚಿದ್ದರೂ ತಟ್ಟೆ ಉರುಳಿದ ಸದ್ದು ಬರುತ್ತೆ, ಸ್ವಲ್ಪ ಗ್ರೀಸ್ ಹಚ್ಚಿದರೆ ಅರ್ಧ ನಿಲ್ಲುತ್ತೆ. ಆಮೇಲೆ ಒಂದು ಪ್ರಾಮಾಣಿಕ ಮಾತು. ಲ್ಯಾಪ್‌ಟಾಪಿನ ಜೊತೆಗೇ ಬಂದ ಕೀಬೋರ್ಡು ಇವೆಲ್ಲಕ್ಕಿಂತ ಕಮ್ಮಿ ಸದ್ದಿನದು, ಬಿಟ್ಟಿ. ಮಣಿಕಟ್ಟು ನೋವಿಲ್ಲದವರು ಅದರಲ್ಲೇ ಸುಖವಾಗಿರಿ.

ನಾನು ಆರೂವರೆ ಸಾವಿರ ಕೊಟ್ಟೆ. ಅವ್ವನಿಗೆ ಎಂಟುನೂರು ಅಂದೆ.

ಹೊಸ ಬೋರ್ಡು ನಿಜಕ್ಕೂ ಮೆತ್ತಗಿತ್ತು. ಪುಸ್ತಕದ ಹಾಳೆ ತಿರುವಿದಷ್ಟು ಸದ್ದು. ಅವ್ವನ ಚಾಪೆಯನ್ನ ಅಟ್ಟಕ್ಕೆ ಹಾಕಿಸಿದೆ, ಅವರು ಹಾಲ್‌ಗೆ ವಾಪಸ್ ಬಂದರು. ಸಮಸ್ಯೆ ಬಗೆಹರೀತು ಅಂತ ಬೀಗಿದೆ. ಹತ್ತು ದಿನ ಆಗಿರಬೇಕು, ಒಂದು ರಾತ್ರಿ ಕತ್ತಲಲ್ಲಿ ಅವ್ವನ ದನಿ ಬಂತು.

"ತಮ್ಮಾ, ಕೆಲ್ಸ ಐತೋ ಇಲ್ವೋ?"

"ಯಾಕವ್ವಾ?"

"ಟಿವಿಯಾಗೆ ಹೇಳ್ತಿದ್ರಪ್ಪ, ಕಂಪ್ಯೂಟರ್‌ನೋರ್ನೆಲ್ಲ ತಗದು ಹಾಕ್ತಾರಂತೆ. ನೀನೂ ಸುಮ್ನೆ ಕುಂತಿರ್ತೀಯ. ಸದ್ದೇ ಇಲ್ಲ."

ಬೆಳಕಿನ ಮುಂದೆ ಕೂತ ನನ್ನ ಬೆನ್ನನ್ನ ನೋಡ್ತಾ ಅವರು ಎಷ್ಟು ರಾತ್ರಿ ಎಚ್ಚರ ಇದ್ದರೋ. ಪಂಪು ನಿಂತರೆ ಏಳ್ತಿದ್ದ ಗಂಡನ ಜೊತೆ ಬಾಳಿದವರು. ನನಗೆ ನಗು ಬಂತು, ಆಮೇಲೆ ನಗೋಕೆ ಆಗಲಿಲ್ಲ. ಎದ್ದು ಹೋಗಿ ಅವರ ಕೈ ಹಿಡ್ಕೊಂಡು ಬಂದು ಸ್ಕ್ರೀನ್ ಮುಂದೆ ಕೂರಿಸಿದೆ. ಒತ್ತಿ ತೋರಿಸಿದೆ. ಅಕ್ಷರ ಓಡೋದು ನೋಡಿದರು. "ಹಂಗಾರೆ ಸರಿ" ಅಂತ ಹೋಗಿ ಮಲಗಿದರು. ಸಮಾಧಾನ ಆಯ್ತೋ ಇಲ್ಲವೋ ಹೇಳಲಾರೆ.

ಹೆಂಡತಿಯ ತಕರಾರು ಬೇರೆಯೇ. "ಮೊದ್ಲಾದ್ರೆ ಸದ್ದು ನಿಂತಾಗ ಮಲಗಿದ್ರು ಅಂತ ಗೊತ್ತಾಗ್ತಿತ್ತು. ಈಗ ನೀವು ಎರಡಕ್ಕೆ ಮಲಗ್ತೀರೋ ಮೂರಕ್ಕೋ ದೇವರಿಗೇ ಗೊತ್ತು." ಅವಳು ಹೇಳಿದ್ದು ನಿಜ. ಸದ್ದಿದ್ದಾಗ ನನಗೂ ಎಲ್ಲೋ ಒಂದು ಅಂಜಿಕೆ ಇರ್ತಿತ್ತು, ಹನ್ನೆರಡೂವರೆ ಆದರೆ ಸಾಕು ಅನ್ನಿಸ್ತಿತ್ತು. ಸದ್ದಿಲ್ಲದ ಬೋರ್ಡು ಬಂದ ಮೇಲೆ ಯಾರಿಗೂ ತೊಂದರೆ ಇಲ್ಲವಲ್ಲ ಅಂತ ಇನ್ನೊಂದು ಗಂಟೆ, ಮತ್ತೊಂದು ಗಂಟೆ. ಅವ್ವನ ನಿದ್ದೆಗೆ ಅಂತ ಕೊಂಡದ್ದು ನನ್ನ ನಿದ್ದೆ ತಿನ್ನೋಕೆ ಶುರು ಮಾಡಿತು. ಆರೂವರೆ ಸಾವಿರಕ್ಕೆ ನಾನು ಕೊಂಡದ್ದು ಸ್ವಿಚ್ಚೇ ಹೊರತು ಹೊತ್ತಿಗೆ ಸರಿಯಾಗಿ ಎದ್ದೇಳೋ ಬುದ್ಧಿಯಲ್ಲ. ಅದನ್ನ ಮಾರೋರು ಯಾರೂ ಸಿಗಲಿಲ್ಲ.

ಈಗ ಮನೆಯಲ್ಲಿ ಒಂದು ಒಪ್ಪಂದ ಆಗಿದೆ. ಮೀಟಿಂಗ್ ಮುಗಿದ ಮೇಲೆ ಒಂದು ಗಂಟೆ, ಅಷ್ಟೆ. ಹನ್ನೆರಡೂವರೆಗೆ ವೈಫೈ ತಾನೇ ಕಟ್ ಆಗೋ ಹಾಗೆ ರೂಟರಿನಲ್ಲಿ ಹಾಕಿದೀನಿ, ಪಾಸ್‌ವರ್ಡ್ ಹೆಂಡತಿ ಹತ್ತಿರ. ತಿಂಗಳಿಗೆ ಎರಡು ಸಲ ರಿಲೀಸ್ ಅಂತ ಬೇಡಿಕೊಂಡು ತೆಗೆಸ್ತೀನಿ, ಅವಳು ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಾಳೆ. ಹೋದ ತಿಂಗಳು ಗುರುತು ಐದಿತ್ತು. ಸಂಜೆ ಆರಕ್ಕೂ ಏಳಕ್ಕೂ ನಡುವೆ ನಾನು ಮೀಟಿಂಗ್ ಇಟ್ಟುಕೊಳ್ಳಲ್ಲ, ಆ ಹೊತ್ತು ಮಿಕ್ಸಿಯದು. ಹಿಟ್ಟು, ಚಟ್ನಿ, ಖಾರ ಏನಿದ್ದರೂ ಆಗಲೇ. ಒಂದು ದಿನ ಕ್ಲೈಂಟು ತುರ್ತಾಗಿ ಕರೆದು ಒಗ್ಗರಣೆ ಸದ್ದು ಕೇಳಿ ಮಳೆ ಬರ್ತಿದೆಯಾ ಅಂದ. ಹೌದು ಅಂದೆ.

ಅವ್ವನ್ನ ಕೇಳೋ ರೀತಿಯನ್ನೂ ಬದಲಾಯಿಸಿಕೊಂಡೆ. ತ್ರಾಸಾಗಲ್ಲ ತಾನೆ ಅಂತ ಕೇಳಲ್ಲ. "ನಿನ್ನೆ ರಾತ್ರಿ ಎಷ್ಟ್ ಸಲ ಎಚ್ಚರ ಆತವ್ವಾ?" ಅಂತೀನಿ. ಹೂಂ, ಊಹೂಂ ಎರಡೂ ಆಗಲ್ಲ ಅದಕ್ಕೆ, ಲೆಕ್ಕ ಹೇಳಬೇಕು. ಮೊದಮೊದಲು "ಏನಿಲ್ಲ" ಅಂತಲೇ ಅಂತಿದ್ರು. ಈಗೀಗ "ಎರಡು ಸಲ, ಒಂದು ಸಲ ನಿನ್ ಕುರ್ಚಿ ಕಿರ್ ಅಂತು" ಅಂತಾರೆ. ಕುರ್ಚಿಗೆ ಎಣ್ಣೆ ಬಿಟ್ಟೆ.

ಹಳೇ ನೀಲಿ ಬೋರ್ಡನ್ನ ಮಾರಬೇಕು ಅಂತ ಬೀರುವಿನ ಮೇಲೆ ಇಟ್ಟಿದ್ದೆ. ಐದು ವರ್ಷದ ಮಗಳ ಕಣ್ಣಿಗೆ ಬಿತ್ತು. ವೈರು ಸುತ್ತಿಕೊಂಡು ಎಲ್ಲೆಂದರಲ್ಲಿ ಹೊತ್ತು ತಿರುಗ್ತಾಳೆ, "ಆಫೀಸ್ ಆಟ" ಅಂತೆ. ಮೊನ್ನೆ ಭಾನುವಾರ ಮಧ್ಯಾಹ್ನ ಹಾಲ್‌ನ ಮಧ್ಯೆ ಕೂತು ಟಕಟಕ ಬಡೀತಿದ್ದಳು. ಪಕ್ಕದಲ್ಲಿ ಅವ್ವ ಮೊರದಲ್ಲಿ ಅಕ್ಕಿ ಕೇರ್ತಾ ಊರಿನ ಯಾವುದೋ ಜಾತ್ರೆ ಕತೆ ಹೇಳ್ತಿದ್ದರು. ಮಗಳು ಥಟ್ಟಂತ ತುಟಿ ಮೇಲೆ ಬೆರಳಿಟ್ಟು, ನನ್ನದೇ ಮುಖ ಮಾಡಿ, "ಅಜ್ಜಿ, ಶ್! ಮೀಟಿಂಗ್ ಐತೆ" ಅಂದಳು.

ಅವ್ವ ಮಾತು ನಿಲ್ಲಿಸಿದರು. ಮೊರವನ್ನೂ ಸದ್ದಾಗದ ಹಾಗೆ ಮೆಲ್ಲಗೆ ಕೆಳಗಿಟ್ಟರು.